ಉತ್ತರ ಬಾರದ ಅಕೌಂಟು

ಮಾರ್ಚ್ 3, ಸೋಮವಾರ

ಹೊಸ ರೂಮಿನ ಥರ್ಮಾಮೀಟರು ಮತ್ತೆ ಕೆಟ್ಟಿದೆ. ಅಥವಾ ರೂಮೇ ಕೆಟ್ಟಿದೆ. ಎರಡರಲ್ಲಿ ಯಾವುದೆಂದು ಗೊತ್ತಾಗದೆ ಬೆಳಿಗ್ಗೆಯೆಲ್ಲ ಹೋಯಿತು. ಎಸಿ ಮೇಸ್ತ್ರಿ ಬಂದು, ಗೋಡೆಗೆ ಅಂಗೈ ಒತ್ತಿ ನೋಡಿ, ಥರ್ಮಾಮೀಟರು ಸರಿಯಾಗಿಯೇ ಇದೆ ಮೇಡಂ ಎಂದರು. ಅಂದರೆ ರೂಮು ಕೆಟ್ಟಿದೆ.

ಹೊಸ ಕ್ಲಸ್ಟರಿನ ಮೆಷಿನ್ನುಗಳು, ಅಂದರೆ ಒಟ್ಟಿಗೆ ದುಡಿಯುವ ಕಂಪ್ಯೂಟರುಗಳ ದಂಡು, ಬಂದು ಇಳಿದಿವೆ. ಉದ್ಘಾಟನೆ ಏಪ್ರಿಲ್ ಏಳಕ್ಕೆ. ಅಷ್ಟರೊಳಗೆ ನನ್ನ ಪಾಲಿಗೆ ಮೂರು ಕೆಲಸ: ಹಳೇ ಕ್ಲಸ್ಟರಿನಲ್ಲಿ ಇರುವವರಿಗೆಲ್ಲ ಹೊಸದರಲ್ಲಿ ಅಕೌಂಟು, ಡಿಸ್ಕಿನ ಪಾರ್ಟಿಶನ್ನು, ಆಮೇಲೆ ಈ ತಂಪು. ಮೊದಲೆರಡನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಮೂರನೆಯದರ ಗಂಧಗಾಳಿ ಗೊತ್ತಿಲ್ಲ.

ಇವತ್ತು ಎಲ್ಲರಿಗೂ ಮೇಲ್ ಕಳಿಸಿದೆ. "ಮಾನ್ಯ ಬಳಕೆದಾರರೇ, ಹೊಸ ಕ್ಲಸ್ಟರಿನಲ್ಲಿ ನಿಮ್ಮ ಅಕೌಂಟು ಮತ್ತು ಫೈಲುಗಳು ಬೇಕಿದ್ದರೆ ಈ ತಿಂಗಳ ಇಪ್ಪತ್ತರೊಳಗೆ ಖುದ್ದಾಗಿ ಉತ್ತರಿಸಿ. ಉತ್ತರ ಬಾರದ ಅಕೌಂಟುಗಳನ್ನು ಮುಚ್ಚಲಾಗುವುದು, ಫೈಲುಗಳನ್ನು ಅಳಿಸಲಾಗುವುದು." ಭಾಷೆ ನನ್ನದು. "ಖುದ್ದಾಗಿ" ಸಂಸ್ಥೆಯ ಕಂಪ್ಯೂಟರ್ ಕಮಿಟಿಯವರು ಸೇರಿಸಿದ್ದು.

ಸಂಸ್ಥೆಯ ಎಲ್ಲ ಬಳಕೆದಾರರಿಗೂ ಹೋಯಿತು. ನಮ್ಮ ಮನೆಯ ಒಳಕೋಣೆಯಲ್ಲಿ ಮಲಗಿರುವ ನನ್ನ ತಂಗಿಗೂ ಹೋಯಿತು.

ಮಾರ್ಚ್ 5, ಬುಧವಾರ

ಎರಡೇ ದಿನದಲ್ಲಿ ಅರ್ಧ ಜನ ಉತ್ತರಿಸಿದ್ದಾರೆ. ಎಂದೋ ಬಿಟ್ಟುಹೋದವರೂ ಬೇಕು ಎಂದಿದ್ದಾರೆ. ಒಬ್ಬ ಪುಣ್ಯಾತ್ಮ, "ಏನಿದೆಯೋ ನೆನಪಿಲ್ಲ, ಆದರೂ ಇರಲಿ" ಎಂದು ಬರೆದಿದ್ದಾನೆ.

ತಂಗಿಯದು ಬಂದಿಲ್ಲ. ಅವಳು ಮೇಲ್ ನೋಡುವುದನ್ನೇ ಬಿಟ್ಟು ಎಂಟು ತಿಂಗಳಾಯಿತು.

ನಾಲ್ಕು ವರ್ಷ ಇಲ್ಲೇ ಪಿಎಚ್‌ಡಿ ಮಾಡಿದಳು. ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದರೆ ಹೊಗೆ ಯಾವ ಮಹಡಿಗೆ ಹೇಗೆ ಏರುತ್ತದೆ ಎನ್ನುವುದು ಅವಳ ವಿಷಯ. ಕಂಪ್ಯೂಟರಿನಲ್ಲೇ ಕಟ್ಟಡ ಕಟ್ಟಿ, ಬೆಂಕಿ ಹಚ್ಚಿ, ಹೊಗೆಯ ಹಿಂದೆ ಬೀಳುವುದು. ಹಳೇ ಕ್ಲಸ್ಟರಿನಲ್ಲಿ ಎಲ್ಲರಿಗಿಂತ ಹೆಚ್ಚು ಜಾಗ ತಿಂದವಳು ಅವಳೇ. ಅದಕ್ಕೆ ಬೈದದ್ದೂ ಉಂಟು. ಹೋದ ಜುಲೈನಲ್ಲಿ ಸೆಮಿನಾರು. ಸ್ಲೈಡು ಅರ್ಧದಲ್ಲಿರುವಾಗ ಅವಳ ಗೈಡು ಎದ್ದು ನಿಂತು, "ಇದು ರಿಸರ್ಚ್ ಅಲ್ಲಮ್ಮ, ವಿಡಿಯೋ ಗೇಮು" ಎಂದರು. ಹಾಲಿಗೆ ಹಾಲೇ ನಕ್ಕಿತು. ನಾನು ಹಿಂದೆ ಪ್ರೊಜೆಕ್ಟರಿನ ವೈರು ಹಿಡಿದುಕೊಂಡು ನಿಂತಿದ್ದೆ. ಅವಳು ನೆಟ್ಟಗೆ ಮನೆಗೆ ಬಂದು ಮಲಗಿದಳು. ಮಲಗೇ ಇದ್ದಾಳೆ.

ಮನೆಯಲ್ಲಿ ಸಂಸ್ಥೆಯ ಸುದ್ದಿ ಎತ್ತಕೂಡದು ಎಂದು ಅಮ್ಮನ ಕಟ್ಟಪ್ಪಣೆ. ಒಮ್ಮೆ ನಾನು ಎತ್ತಿದ್ದಕ್ಕೆ ಇವಳು ಎರಡು ದಿನ ಊಟ ಬಿಟ್ಟಿದ್ದಳು. ಹಾಗಾಗಿ ನಾನು ಬೆಳಿಗ್ಗೆ ಎಲ್ಲಿಗೋ ಹೋಗುತ್ತೇನೆ, ಸಂಜೆ ಎಲ್ಲಿಂದಲೋ ಬರುತ್ತೇನೆ. ಈಗ ಬಾಯಿ ಬಿಟ್ಟು ಕೇಳುವುದು ಹೇಗೆ?

ಮಾರ್ಚ್ 10, ಸೋಮವಾರ

ಕಮಿಟಿ ಮೀಟಿಂಗು. ಡಿಸ್ಕಿನ ಲೆಕ್ಕ ಒಪ್ಪಿಸಿದೆ. ಇಡೀ ಡಿಸ್ಕು ಎರಡು ಭಾಗ. ಒಂದು "ಹೋಮ್", ಎಲ್ಲರ ಸ್ವಂತ ಫೈಲು ಇರುವ ಜಾಗ. ಇನ್ನೊಂದು "ಸ್ಕ್ರ್ಯಾಚ್", ಗೀಚಿ ಎಸೆಯುವ ಜಾಗ, ತಿಂಗಳಿಗೊಮ್ಮೆ ತಾನೇ ಖಾಲಿಯಾಗುತ್ತದೆ. ಯಾರಿಗೂ ಅರ್ಥವಾಗಲಿಲ್ಲ. ಎಲ್ಲರೂ ತಲೆಯಾಡಿಸಿದರು.

ತಂಗಿಯ ಗೈಡು ಕಮಿಟಿಯಲ್ಲಿದ್ದಾರೆ. ಮುಗಿದ ಮೇಲೆ ಕಾರಿಡಾರಿನಲ್ಲಿ ಹಿಂದೆಯೇ ಬಂದರು.

"ಬಿಟ್ಟು ಹೋದವ್ರ ಕಸ ಎಲ್ಲಾ ಗುಡಿಸಿಬಿಡಿ ಮೇಡಂ. ನಿಮ್ಮನೆಯವ್ರದ್ದು ಅಂತ ನೀವೇನೂ ಬೇರೆ ಮಾಡಲ್ಲ ಬಿಡಿ, ನಂಗೊತ್ತು."

ನಕ್ಕರು. ನಾನೂ ನಕ್ಕೆ. ನಕ್ಕದ್ದಕ್ಕೆ ಈಗಲೂ ಮೈ ಉರಿಯುತ್ತಿದೆ.

ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಯಾರ ಫೈಲು ಬೇಕಾದರೂ ತೆರೆಯುವ ಅಧಿಕಾರ ನನ್ನ ಕೈಯಲ್ಲಿದೆ. ಒಂದು ದಿನ ಒಬ್ಬರದಕ್ಕೂ ಇಣುಕಿಲ್ಲ. ಸಂಪಾದಿಸಿದ್ದು ಆ ಒಂದು ಹೆಸರು. ಅವರಿಗೂ ಅದು ಗೊತ್ತು, ಅದಕ್ಕೇ ಆ ಮಾತು.

ಮಾರ್ಚ್ 12, ಬುಧವಾರ

ರ‍್ಯಾಕುಗಳು ನಿಂತವು. ನಿಂತ ರೀತಿ ನೋಡಿ ತಲೆ ತಿರುಗಿತು.

ಮೆಷಿನ್ನು ಮುಂದಿನಿಂದ ತಣ್ಣನೆಯ ಗಾಳಿ ಎಳೆದು ಹಿಂದಿನಿಂದ ಬಿಸಿ ಬಿಡುತ್ತದೆ. ಹಾಗಾಗಿ ಎರಡು ಸಾಲನ್ನೂ ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಬೇಕು. ಚಿತ್ರ ಬರೆದು ಗೋಡೆಗೆ ಅಂಟಿಸಿಯೂ ಬಂದಿದ್ದೆ. ಡೈರೆಕ್ಟರು ಬಂದು ನೋಡಿ, ಗಾಜಿನ ಕಿಟಕಿಯಿಂದ ಅತಿಥಿಗಳಿಗೆ ದೀಪಗಳೆಲ್ಲ ಕಾಣಬೇಕು, ಎಲ್ಲದರ ಮುಖವೂ ಕಿಟಕಿ ಕಡೆಗಿರಲಿ ಎಂದರಂತೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ತಿರುಗಿಸಿ ಬೋಲ್ಟು ಬಿಗಿದಾಗಿತ್ತು. ಈಗ ಮುಂದಿನ ಸಾಲು ಬಿಟ್ಟ ಬಿಸಿಯನ್ನೇ ಹಿಂದಿನ ಸಾಲು ಕುಡಿಯಬೇಕು. ಅದೂ ಇರಲಿ, ಹಿಂದಿನ ಸಾಲು ಮುಂದಿನದರ ಮರೆಗೆ ಹೋಗಿ ಕಿಟಕಿಯಿಂದ ಕಾಣುವುದೇ ಇಲ್ಲ. ಅದನ್ನು ಡೈರೆಕ್ಟರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ನನಗೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ, ಮುಖ ಯಾಕೆ ಹೀಗೆ ಮಾಡ್ಕೊಂಡಿದೀಯ ಎಂದು ಅಮ್ಮ ಕೇಳಿದರು. ಎಲ್ಲಿ ಏನು ಎನ್ನದೆ, ಯಾರೋ ಒಬ್ಬರು ಎಲ್ಲೋ ಒಂದು ಕಡೆ ಮೆಷಿನ್ನು ಹೀಗೆ ಜೋಡಿಸಿದ್ದಾರೆ ಎಂದೆ. ಕಥೆ ಹೇಳಿದಂತೆ. ತಂಗಿಯ ಕೈ ತಟ್ಟೆಯಲ್ಲೇ ನಿಂತಿತು.

"ಹಿಂದಿನ ಸಾಲು ಕಾಣೋದೇ ಇಲ್ವಲ್ಲ!"

ನಕ್ಕಳು. ನೀರು ನೆತ್ತಿಗೆ ಹತ್ತುವಷ್ಟು ನಕ್ಕಳು. ಅಮ್ಮ ತಲೆ ತಟ್ಟುತ್ತಾ ನನ್ನ ಕಡೆ ನೋಡಿದರು, ನಾನು ಅಮ್ಮನ ಕಡೆ. ಆಮೇಲೆ ಬಾಯಿ ಒರೆಸಿಕೊಂಡು, ಎರಡು ಸಾಲಿನ ನಡುವೆ ಎಷ್ಟು ಜಾಗ ಇದೆ ಎಂದು ಕೇಳಿದಳು. ನಾಳೆ ಅಳೆದು ಹೇಳ್ತೀನಿ ಎಂದೆ.

ಮಾರ್ಚ್ 13, ಗುರುವಾರ

ಅಳೆದೆ. ನಾಲ್ಕಡಿ. ಬಂದು ಹೇಳಿದೆ. "ಹೂಂ" ಎಂದು ಬಾಗಿಲು ಹಾಕಿಕೊಂಡಳು.

ಮಾರ್ಚ್ 18, ಮಂಗಳವಾರ

ಇನ್ನು ಎರಡು ದಿನ. ಮಾಡಬಾರದ ಕಸರತ್ತು ಮಾಡಿದೆ. ಬೀರುವಿನ ಮೇಲೆ ಧೂಳು ಹಿಡಿದಿದ್ದ ಅವಳ ಲ್ಯಾಪ್‌ಟಾಪು ಇಳಿಸಿ, ಒರೆಸಿ, ಚಾರ್ಜಿಗೆ ಹಾಕಿ ಅವಳ ಟೇಬಲ್ಲಿನ ಮೇಲಿಟ್ಟೆ. ಸಂಜೆ ನೋಡಿದರೆ ಮತ್ತೆ ಬೀರುವಿನ ಮೇಲಿದೆ. ಅವಳು ದಿನವಿಡೀ ಫೋನಿನಲ್ಲಿ ಇಸ್ಪೀಟು ಆಡುತ್ತಾಳಲ್ಲ, ಆ ಫೋನಿಗಾದರೂ ಬರಲಿ ಎಂದು ಮೊನ್ನೆ "ಜ್ಞಾಪನೆ" ಎಂಬ ಮೇಲ್ ಮಾಡಿದೆ. ಅವಳೊಬ್ಬಳಿಗೇ ಕಳಿಸಿದರೆ ತಪ್ಪಾಗುತ್ತದೆ ಎಂದು ಎಲ್ಲರಿಗೂ ಕಳಿಸಿದೆ. ನಿನ್ನೆ ಎರಡನೇ ಜ್ಞಾಪನೆ, ಇವತ್ತು ಮೂರನೆಯದು. ಈಗಾಗಲೇ ಉತ್ತರಿಸಿದವರೆಲ್ಲ ಸಿಡುಕಿ ಬರೆದಿದ್ದಾರೆ. ಅದೇ ಪುಣ್ಯಾತ್ಮ, "ಮೇಡಂ, ಹಾಗಿದ್ದರೆ ಬೇಡವೇ ಬೇಡ" ಎಂದಿದ್ದಾನೆ.

ಅಮ್ಮನ ಹತ್ತಿರ ಹೇಳಿದೆ. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ಅವಳು ಮೊನ್ನೆ ನಕ್ಕಿದ್ದಾಳೆ. ಅಷ್ಟು ಸಾಕು ನಂಗೆ. ಅದನ್ನ ಕೆಡಿಸಬೇಡ ಮಾರಾಯ್ತಿ" ಎಂದರು. ಅಮ್ಮನದೂ ತಪ್ಪಲ್ಲ.

ಮಾರ್ಚ್ 20, ಗುರುವಾರ. ಸಂಜೆ 6

ಬರಲಿಲ್ಲ.

ಐದು ಗಂಟೆಯವರೆಗೂ ಕೆಂಡದ ಮೇಲೆ ಕೂತಂತೆ ಕೂತಿದ್ದೆ. ಐದಕ್ಕೆ ಪಟ್ಟಿ ಮುಚ್ಚಿ ಕಮಿಟಿಗೆ ಕಳಿಸಿದೆ. ಗೈಡು ಮೊದಲಿಗರಾಗಿ "ಓಕೆ" ಎಂದು ಉತ್ತರಿಸಿದರು.

ಮಾರ್ಚ್ 21, ಶುಕ್ರವಾರ

ಮಾಡಬಾರದ್ದನ್ನು ಮಾಡಿದೆ.

ಹೊಸ ಡಿಸ್ಕನ್ನು ಎರಡರ ಬದಲು ಮೂರು ಭಾಗ ಮಾಡಿದೆ. ಮೂರನೆಯದಕ್ಕೆ "ಲಾಗ್" ಎಂದು ಹೆಸರಿಟ್ಟೆ. ಮೆಷಿನ್ನು ತನ್ನ ಪಾಡಿಗೆ ಬರೆದುಕೊಳ್ಳುವ ಕಡತಗಳಿಗೆ ಲಾಗ್ ಎನ್ನುತ್ತೇವೆ. ಅದನ್ನು ನನ್ನ ಹೊರತು ಯಾವ ನರಪಿಳ್ಳೆಯೂ ತೆರೆದು ನೋಡುವುದಿಲ್ಲ. ತಂಗಿಯ ನಾಲ್ಕು ವರ್ಷದ ಫೈಲುಗಳನ್ನು ಅದರೊಳಗೆ ಕಾಪಿಗೆ ಹಾಕಿದೆ. ಅಕೌಂಟು ಮಾತ್ರ ಮಾಡಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಕೌಂಟು ಕೊಟ್ಟರೆ ಸಿಕ್ಕಿಬೀಳುತ್ತೇನೆ. ಫೈಲು ಇರಲಿ, ಒಡತಿ ಆಮೇಲೆ ಬರಲಿ.

ಎರಡು ಸಲ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ನೋಡಿದೆ. ಕಳ್ಳತನ ಮಾಡುವವರಿಗೆ ಮೊದಲ ದಿನ ಹೀಗೇ ಆಗುತ್ತದೇನೋ. ಸೋಮವಾರದ ಹೊತ್ತಿಗೆ ಕಾಪಿ ಮುಗಿಯುತ್ತದೆ.

ಮಾರ್ಚ್ 25, ಮಂಗಳವಾರ

ಎಲ್ಲ ಮೆಷಿನ್ನುಗಳನ್ನೂ ಒಟ್ಟಿಗೆ ದುಡಿಸಿ ನೋಡುವ ಪರೀಕ್ಷೆ. ಅರ್ಧ ಗಂಟೆಯೊಳಗೆ ಹಿಂದಿನ ಸಾಲು ಕಾದು, ಅಲಾರಮ್ಮು ಕೂಗಿ, ಒಂದೊಂದಾಗಿ ತಾವೇ ಆಫ್ ಆದವು. ಡೈರೆಕ್ಟರ ಮುಖ ಬಿಳುಚಿತು. ಇಲ್ಲಿರುವ ಎರಡು ಎಸಿ ಸಾಲದು, ಹಳೇ ಕ್ಲಸ್ಟರಿನ ರೂಮಿನ ಎಸಿಯನ್ನೂ ಬಿಚ್ಚಿ ಇಲ್ಲಿ ಹಾಕಿ ಎಂದು ಅಪ್ಪಣೆಯಾಯಿತು. ಹೇಗೂ ಹಳೆಯದು ಗುಜರಿಗೆ ಹೋಗುವುದು ತಾನೇ?

ಸಂಜೆ ಹಳೇ ಸ್ಟೋರೇಜನ್ನು, ಎಲ್ಲರ ಫೈಲುಗಳಿದ್ದ ಡಿಸ್ಕುಗಳ ಪೆಟ್ಟಿಗೆಯನ್ನು, ಆಫ್ ಮಾಡಿದೆ. ಹತ್ತು ವರ್ಷ ಓಡಿದ್ದು. ನಿಂತಾಗ ಡಿಸ್ಕುಗಳು ಒಂದು ನಿಟ್ಟುಸಿರು ಬಿಟ್ಟವು. ಎಸಿ ಮೇಸ್ತ್ರಿ ಎರಡೇ ತಾಸಿನಲ್ಲಿ ಎಸಿ ಬಿಚ್ಚಿ, ಗೋಡೆಯ ತೂತಿಗೆ ಸಿಮೆಂಟು ಮೆತ್ತಿ ಹೋದರು.

ಮನೆಯಲ್ಲಿ ಸೆಕೆ. ಮೆಷಿನ್ನಿಗೆ ಮೂರು ಎಸಿ, ಹೆತ್ತವಳಿಗೆ ಒಂದು ಫ್ಯಾನು ಎಂದು ಅಮ್ಮ ಗೊಣಗಿದರು. ಸಂಸ್ಥೆಯ ಸುದ್ದಿ ಎತ್ತಬಾರದು ಎಂದು ನಾನೇ ನೆನಪಿಸಬೇಕಾಯಿತು.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ನೀರಿನ ಬಾಟಲಿ ತೆಗೆಯಲು ಹೋದರೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ. ಎರಡು ಸಾಲು ಡಬ್ಬಿಗಳ ಚಿತ್ರ. ನಡುವೆ, ಸೂರಿನಿಂದ ನೆಲದವರೆಗೆ, ಒಂದು ಗೆರೆ. ಮುಂದಿನ ಸಾಲಿನ ಬಿಸಿ ಗೆರೆಗೆ ತಾಗಿ ಮೇಲೇರುವಂತೆ ಬಾಣಗಳು. ಕೆಳಗೆ ತಂಗಿಯ ಅಕ್ಷರ: "ಪ್ಲಾಸ್ಟಿಕ್ ಪರದೆ ಸಾಕು."

ಮಧ್ಯಾಹ್ನವೇ ಪರದೆ ತರಿಸಿ ಕಟ್ಟಿದೆ. ಮತ್ತೆ ಪರೀಕ್ಷೆ. ಸಂಜೆಯವರೆಗೂ ಒಂದು ಅಲಾರಮ್ಮೂ ಇಲ್ಲ. ಮೇಸ್ತ್ರಿ ತಮಾಷೆಗೆ ಹಳೇ ಎಸಿಯನ್ನು ಆಫ್ ಮಾಡಿ ನೋಡಿದರು. ಆಗಲೂ ಇಲ್ಲ. ಅಂದರೆ ಆ ಎಸಿಯ ಅಗತ್ಯವೇ ಇರಲಿಲ್ಲ. ಚೀಟಿ ನಾಲ್ಕು ದಿನ ಮೊದಲು ಬಂದಿದ್ದರೆ... ಇರಲಿ. ಹಳೇ ರೂಮಿಗೆ ಇನ್ನೇನು ಎಸಿ.

ಮನೆಗೆ ಬಂದು ಅವಳ ಬಾಗಿಲ ಹೊರಗೆ ನಿಂತು "ಕೆಲಸ ಮಾಡ್ತು" ಎಂದೆ. ಒಳಗಿಂದ "ಗೊತ್ತು" ಎಂದು ಬಂತು. ಎಷ್ಟು ಜಂಬ ಇವಳಿಗೆ. ಸಂತೋಷಕ್ಕೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ.

ಏಪ್ರಿಲ್ 1, ಮಂಗಳವಾರ

ಅಕೌಂಟುಗಳು ಮುಗಿದವು. ನಾನು ಬರೆದಿಟ್ಟ ಪುಟ್ಟ ಪ್ರೋಗ್ರಾಂ, ನನ್ನ ಸ್ಕ್ರಿಪ್ಟು, ಸಾಲಾಗಿ ಎಲ್ಲರಿಗೂ ಮಾಡಿಕೊಟ್ಟಿತು. ಹಳಬರಾದ ಮೇಲೆ ಹೊಸದಾಗಿ ಸೇರಿದವರು. ತಂಗಿಯ ಗೈಡಿನ ಹತ್ತಿರವೇ ಒಬ್ಬಳು ಹೊಸಬಳು ಸೇರಿದ್ದಾಳೆ, ದಪ್ಪ ಕನ್ನಡಕದವಳು. ಯಾರಾದರೂ ಜೋರಾಗಿ ಸೀನಿದರೂ ಸಾರಿ ಎನ್ನುವಂಥವಳು. ಎಚ್ಚರಿಕೆಯ ಮೇಲ್ ಕಳಿಸುವ ಸ್ಕ್ರಿಪ್ಟನ್ನೂ ಚಾಲೂ ಮಾಡಿದೆ. ಯಾರಾದರೂ ಮಿತಿ ಮೀರಿ ಜಾಗ ತಿಂದರೆ ಅದು ತಾನೇ ಗದರಿಸುತ್ತದೆ.

ಬ್ಯಾಕಪ್ ಮಾತ್ರ ಉದ್ಘಾಟನೆ ಆದ ಮೇಲೆ.

ಏಪ್ರಿಲ್ 2, ಬುಧವಾರ

ಏನು ಬರೆಯಲಿ.

ಬೆಳಿಗ್ಗೆ ಕನ್ನಡಕದವಳು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ. ನಿನ್ನೆ ಅವಳಿಗೆ ಎಚ್ಚರಿಕೆಯ ಮೇಲ್ ಹೋಗಿತ್ತಂತೆ. ನೀವು ಮಿತಿ ಮೀರಿದ್ದೀರಿ, ತಕ್ಷಣ ಅಳಿಸದಿದ್ದರೆ ಅಕೌಂಟು ಬಂದ್ ಎಂದು. ಸೇರಿದ ಮೊದಲ ದಿನವೇ ಹೀಗಾಯಿತಲ್ಲ ಎಂದು ಹೆದರಿ ಸತ್ತಳಂತೆ. ಯಾವ ಫೋಲ್ಡರಿನಲ್ಲಿ ಎಷ್ಟಿದೆ ಎಂದು ಮೇಲಿನಲ್ಲೇ ಇತ್ತಂತೆ, ಅದು "ಲಾಗ್" ಎಂಬುದರಲ್ಲಿ ಇತ್ತಂತೆ, ತಾನು ಅದೇನನ್ನೂ ಹಾಕಿರಲಿಲ್ಲವಂತೆ. ಆದರೆ ಫೈಲಿನ ಮೇಲೆಲ್ಲ ತನ್ನ ಹೆಸರೇ ಇತ್ತಂತೆ.

"ಎಲ್ಲಾ ಕ್ಲೀನ್ ಮಾಡಿಬಿಟ್ಟೆ ಮೇಡಂ. ಒಂದೂ ಬಿಟ್ಟಿಲ್ಲ."

ಒಳ್ಳೆ ಕೆಲಸ ಮಾಡಿದೆ ಎಂದೆ. ಅಂದದ್ದು ನಾನೇ. ಅವಳು ಹೋದ ಮೇಲೆ ಲಾಗ್ ತೆರೆದು ನೋಡಿದೆ. ಖಾಲಿ.

ಮೆಷಿನ್ನಿಗೆ ಮನುಷ್ಯರ ಹೆಸರು ಗೊತ್ತಿಲ್ಲ. ಒಂದೊಂದು ಅಕೌಂಟಿಗೆ ಒಂದೊಂದು ನಂಬರು. ಫೈಲಿನ ಮೇಲೆ ಇರುವುದು ಆ ನಂಬರು ಮಾತ್ರ. ಆ ನಂಬರು ಯಾರದೋ ಅವರ ಹೆಸರನ್ನು ತೋರಿಸುತ್ತದೆ. ತಂಗಿಗೆ ನಾನು ಅಕೌಂಟು ಮಾಡಲಿಲ್ಲ. ಅವಳ ನಂಬರು ಖಾಲಿ ಬಿತ್ತು. ಖಾಲಿ ಬಿದ್ದ ನಂಬರನ್ನು ಮುಂದೆ ಬಂದವರಿಗೆ ಕೊಡು ಎಂದು ಸ್ಕ್ರಿಪ್ಟಿಗೆ ಕಲಿಸಿದವಳೂ ನಾನೇ. ಕೊಟ್ಟಿತು. ಹೀಗೆ ತಂಗಿಯ ಫೈಲುಗಳೆಲ್ಲ ಕನ್ನಡಕದವಳ ಫೈಲುಗಳಾದವು. ನನ್ನದೇ ಮೇಲ್ ಅವಳನ್ನು ಗದರಿಸಿತು, ಎಲ್ಲಿವೆ ಎಂದು ನನ್ನದೇ ಮೇಲ್ ಕೈ ಹಿಡಿದು ತೋರಿಸಿಯೂ ಕೊಟ್ಟಿತು. ಬ್ಯಾಕಪ್ ಇಲ್ಲ.

ನಾನು ಏನೂ ಮಾಡದೆ ಸುಮ್ಮನಿದ್ದಿದ್ದರೂ ಇದೇ ಆಗುತ್ತಿತ್ತು ಎಂದುಕೊಂಡು ನೋಡಿದೆ. ಸಮಾಧಾನವಾಗಲಿಲ್ಲ.

ಅದೇ ದಿನ, ಸಂಜೆ

ಹಳೇ ಸ್ಟೋರೇಜ್! ಆಫ್ ಮಾಡಿದ್ದೇನೆ ಅಷ್ಟೇ, ಅಳಿಸಿಲ್ಲ. ಎಂಥ ಪೆದ್ದಿ ನಾನು.

ಏಪ್ರಿಲ್ 3, ಗುರುವಾರ

ಹಳೇ ರೂಮು ಕುಲುಮೆಯಾಗಿದೆ. ಕಿಟಕಿಯಿಲ್ಲ, ಎಸಿಯಿಲ್ಲ. ಭಾನುವಾರ ಸಂಜೆಯೊಳಗೆ ಖಾಲಿ ಆಗಬೇಕು, ಉದ್ಘಾಟನೆಯ ದಿನ ಅತಿಥಿಗಳಿಗೆ ಟೀ ಅಲ್ಲೇ ಅಂತೆ. ಗುಜರಿಯವರಿಗೆ ಹೇಳಿಯಾಗಿದೆ.

ಸ್ಟೋರೇಜ್ ಆನ್ ಮಾಡಿದೆ. ಹನ್ನೆರಡು ಡಿಸ್ಕಿನಲ್ಲಿ ಒಂದು ಏಳಲೇ ಇಲ್ಲ. ಒಂದು ಹೋದರೆ ಉಳಿದವು ಸಂಭಾಳಿಸುತ್ತವೆ, ಹಾಗೆಯೇ ಕಟ್ಟಿರುತ್ತಾರೆ. ಇನ್ನೊಂದು ಹೋದರೆ ಎಲ್ಲವೂ ಹೋದಂತೆ. ಏಳನೆಯ ಡಿಸ್ಕು ಕಟಕಟ ಎನ್ನುತ್ತಿದೆ. ಪೆಟ್ಟಿಗೆಯನ್ನೇ ಹೊಸ ರೂಮಿಗೆ ಸಾಗಿಸೋಣ ಎಂದರೆ ಈ ಸ್ಥಿತಿಯಲ್ಲಿ ಅಲ್ಲಾಡಿಸಿದರೂ ಕಷ್ಟ. ಮೇಸ್ತ್ರಿಯ ಫೋನು ಸ್ವಿಚ್ ಆಫ್. ಮನೆಯಿಂದ ಅಮ್ಮನ ಟೇಬಲ್ ಫ್ಯಾನು ತಂದು ಎದುರಿಗಿಟ್ಟೆ. ಕಾಪಿ ಶುರುವಾಯಿತು. ಜೇಬಿನಲ್ಲಿ ಹಿಡಿಯುವ ಡ್ರೈವಿಗೆ, ಈ ಸಲ ಯಾರ ನಂಬರೂ ಇಲ್ಲದ ಹಾಗೆ.

ಹನ್ನೊಂದು ಗಂಟೆಗೆ ಏಳನೆಯದು ಕಾದು ಕೆಂಪು ದೀಪ ಹಾಕಿತು. ಆಫ್ ಮಾಡಿದೆ. ಸೆಕೆ ಏರುವ ಮುಂಚೆ, ಬೆಳಗಿನ ಹೊತ್ತು ಮಾತ್ರ ಓಡಿಸಬಹುದು.

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆ ಮೂರು ತಾಸು ಓಡಿತು. ಆಮೇಲೆ ಕೆಂಪು ದೀಪ. ಲೆಕ್ಕ ಹಾಕಿದೆ: ನಾಳೆ, ನಾಡಿದ್ದು ಎರಡು ಬೆಳಿಗ್ಗೆ ಸೇರಿದರೂ ನೂರಕ್ಕೆ ಹತ್ತು ಭಾಗವೂ ಬರುವುದಿಲ್ಲ. ಅದೂ ಅಲ್ಲಿಯವರೆಗೆ ಏಳನೆಯದು ಉಳಿದರೆ. ಅದರ ಸದ್ದು ಇವತ್ತು ಬೇರೆ ಥರ ಇದೆ.

ಯಾವುದನ್ನು ಮೊದಲು ಎತ್ತುವುದು? "ರಿಸಲ್ಟ್ಸ್" ಎಂಬ ದೊಡ್ಡ ಫೋಲ್ಡರಿನಿಂದ ಶುರು ಮಾಡಿದ್ದೇನೆ. ಅದು ಸರಿಯೋ ತಪ್ಪೋ ಗೊತ್ತಿಲ್ಲ. "ಕೋಡ್" ಇದೆ, "ಥೀಸಿಸ್" ಇದೆ, "ಹೊಸದು", "ಹೊಸದು ಎರಡು", "ಜಂಕ್"... ಎಲ್ಲರೂ ಇಡುವ ಹೆಸರುಗಳೇ. ಯಾವುದರಲ್ಲಿ ಜೀವ ಇದೆ ಎನ್ನುವುದು ಒಬ್ಬಳಿಗೇ ಗೊತ್ತು.

ಕೇಳಬೇಕು. ಬೇರೆ ದಾರಿಯಿಲ್ಲ. ಕೇಳಿದರೆ ಊಟ ಬಿಡುತ್ತಾಳೆ, ಕೇಳದಿದ್ದರೆ...

ಏಪ್ರಿಲ್ 5, ಶನಿವಾರ

ಇವತ್ತು ಬೆಳಿಗ್ಗೆ ಸ್ಟೋರೇಜ್ ಆನ್ ಮಾಡಲಿಲ್ಲ. ಮೊದಲು ಮನೆಯ ಕೆಲಸ ಆಗಲಿ ಎಂದು. ಅಮ್ಮ ತರಕಾರಿಗೆ ಹೋದದ್ದೇ ಅವಳ ಕೋಣೆಗೆ ಹೋದೆ. ಕಿಟಕಿ ಪಕ್ಕ ಕೂತು ಇಸ್ಪೀಟು ಆಡುತ್ತಿದ್ದಳು. ಎಷ್ಟೋ ಪೀಠಿಕೆ ಕಟ್ಟಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ನಿನ್ನ ಫೈಲ್‌ಗಳು ಸಾಯ್ತಾ ಇವೆ ಕಣೇ. ಯಾವುದು ಮೊದಲು ಉಳಿಸ್ಲಿ, ಹೇಳು."

ತಲೆ ಎತ್ತಲಿಲ್ಲ. "ಇಪ್ಪತ್ತನೇ ತಾರೀಕೇ ಹೋಗಿರ್ಬೇಕಲ್ವಾ ಅವು?"

ಅಂದರೆ ಮೇಲ್ ಓದಿದ್ದಾಳೆ. ಮೂರು ಜ್ಞಾಪನೆಗಳನ್ನೂ ಓದಿದ್ದಾಳೆ.

ಎಲ್ಲ ಹೇಳಿಬಿಟ್ಟೆ. ಲಾಗ್, ನಂಬರು, ಕನ್ನಡಕದವಳು, ಏಳನೇ ಡಿಸ್ಕು. ನನ್ನಿಂದಲೇ ಹೋಯಿತು ಎಂದೆ. ಕಿರುಚಲಿ, ಏನನ್ನಾದರೂ ಎಸೆಯಲಿ ಎಂದು ಕಾಯುತ್ತಾ ಕೂತೆ. ಅವಳು ಫೋನು ಕೆಳಗಿಟ್ಟು, ಆ ಹುಡುಗಿಗೆ ಇದು ಗೊತ್ತಾ ಎಂದು ಕೇಳಿದಳು. ಇಲ್ಲ ಎಂದೆ. ಹೇಳಬೇಡ, ಪಾಪ, ಎಷ್ಟು ಹೆದರಿದ್ದಳೋ ಏನೋ ಎಂದಳು. ನನಗೆ ಸಿಟ್ಟು ಬಂತು. ಆ ಹುಡುಗಿಯ ಮೇಲಿನ ಕನಿಕರದಲ್ಲಿ ಒಂದು ಗುಲಗಂಜಿಯಷ್ಟು ನನ್ನ ಮೇಲೂ ಇರಬಾರದೇ? ತಿಂಗಳಿಂದ ನಿದ್ದೆಯಿಲ್ಲದೆ ಸಾಯುತ್ತಿದ್ದೇನೆ, ಒಂದು ಸಾಲು ಉತ್ತರ ಬರೆಯಲು ಏನಾಗಿತ್ತು ಎಂದು ಕೂಗಾಡಿದೆ. ನಾನು ಕೂಗಾಡಿದೆ, ಅವಳಲ್ಲ.

"ಬೇಕು ಅಂತ ಬರೆದ್ರೆ ವಾಪಸ್ ಬರ್ಬೇಕಾಗತ್ತೆ. ಬೇಡ ಅಂತ ಬರೆಯೋಕೆ ಕೈ ಬರ್ಲಿಲ್ಲ." ಕಿಟಕಿಯ ಕಡೆ ತಿರುಗಿ ಅಂದಳು, "ನೀನು ಹೇಗೂ ಉಳಿಸ್ತೀಯ ಅಂದ್ಕೊಂಡಿದ್ದೆ ಅಕ್ಕ."

ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದರು, ತರಕಾರಿ ಚೀಲ ಹಿಡಿದು. ಯಾವಾಗ ಬಂದರೋ. ಹಾಗೆಯೇ ಅಡುಗೆಮನೆಗೆ ಹೋದರು.

"ಜಂಕ್ ತಗೋ," ಎಂದಳು ತಂಗಿ. "ರಿಸಲ್ಟ್ಸ್ ಬಿಡು. ಕೋಡ್ ಫೋಲ್ಡರಲ್ಲಿ ಇರೋದು ಹಳೇದು, ಸರ್ ಬಂದು ನೋಡ್ತಿದ್ರಲ್ಲ, ಅದಕ್ಕೆ ಇಟ್ಟಿದ್ದು. ನಿಜವಾದ್ದು ಎಲ್ಲಾ ಜಂಕಲ್ಲಿದೆ. ಯಾರೂ ತೆಗೆದು ನೋಡಲ್ಲ ಅಂತ."

ನಾನು ಜಂಕನ್ನು ಕಟ್ಟಕಡೆಗೆ ಇಟ್ಟಿದ್ದೆ. ಸಮಯ ಉಳಿದರೆ ನೋಡೋಣ ಎಂದು. ನಾನು ಲಾಗ್ ಅಂದದ್ದು, ಇವಳು ಜಂಕ್ ಅಂದದ್ದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ತಾನೇ.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದೆ ಇನ್ನೊಂದು ಜೊತೆ ಚಪ್ಪಲಿಯ ಸದ್ದು. ಕೂದಲು ಕಟ್ಟಿಕೊಂಡು ನಿಂತಿದ್ದಾಳೆ. ಭಾನುವಾರ ಅಲ್ಲಿ ಯಾರೂ ಇರಲ್ಲ ತಾನೇ ಎಂದಳು. ವಾಚ್‌ಮನ್ ಮಾತ್ರ ಎಂದೆ. ಬಸ್ಸು ಹಿಡಿದು ಹೋದೆವು. ಗೇಟಿನ ಹತ್ತಿರ ಒಂದು ಕ್ಷಣ ನಿಂತಳು. ನಾನು ಬ್ಯಾಗಿನಲ್ಲಿ ಕೀ ಹುಡುಕುವವಳಂತೆ ನಟಿಸಿದೆ. ಆಮೇಲೆ ಅವಳೇ ಮುಂದೆ ನಡೆದಳು.

ಹಳೇ ರೂಮು. ಆನ್ ಮಾಡಿದೆ. ಏಳನೆಯದು ಕಟಕಟ ಎಂದು, ನಿಂತು, ಮತ್ತೆ ಎದ್ದಿತು. ತಂಗಿ ಫ್ಯಾನನ್ನು ಎದುರಿನಿಂದ ತೆಗೆದು ಪೆಟ್ಟಿಗೆಯ ಹಿಂದಕ್ಕೆ ಇಟ್ಟಳು, ಮುಖ ಬಾಗಿಲ ಕಡೆಗೆ. ತಳ್ಳಬೇಡ, ಎಳೀಬೇಕು ಬಿಸೀನ ಎಂದಳು. ರಟ್ಟಿನ ಪೆಟ್ಟಿಗೆ ಹರಿದು ಎರಡೂ ಬದಿಗೆ ಮರೆ ಮಾಡಿದಳು. ಏಳನೆಯದರ ಬಿಸಿ ನಿಜಕ್ಕೂ ಎರಡು ಡಿಗ್ರಿ ಇಳಿಯಿತು. ಇದನ್ನು ವಿಡಿಯೋ ಗೇಮು ಅಂದರಲ್ಲ, ಅವರನ್ನು ಕರೆದು ಇಲ್ಲಿ ನಿಲ್ಲಿಸಬೇಕಿತ್ತು.

ಜಂಕ್ ದೊಡ್ಡದೇನಲ್ಲ. ಆದರೆ ಕೆಟ್ಟ ಡಿಸ್ಕು ಒಂದೊಂದು ಫೈಲನ್ನೂ ನಾಲ್ಕೈದು ಸಲ ಕೇಳಿಸಿಕೊಂಡು ಕೊಡುತ್ತಿತ್ತು. ಇಬ್ಬರೂ ನೆಲದ ಮೇಲೆ ಕೂತು ಕಂಪ್ಯೂಟರಿನ ಪರದೆಯಲ್ಲಿ ಕಾಪಿ ಎಷ್ಟಾಯಿತೆಂದು ತೋರಿಸುವ ಗೆರೆಯನ್ನೇ ನೋಡಿದೆವು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಉಗುರು ಒತ್ತಿದ ಗುರುತು ಈಗಲೂ ಇದೆ. ಗೆರೆ ತುಂಬಿತು. ಜಂಕ್ ಪೂರ್ತಿ ಬಂತು.

ಆಸೆ ಕೆಟ್ಟದ್ದು. ಥೀಸಿಸ್ ಅನ್ನೂ ಎಳೆಯೋಣ ಎಂದೆ. ಅರ್ಧಕ್ಕೆ ಏಳನೆಯದು ಕರ್ರ್ ಎಂದು ಒಂದೇ ಸಲ ನಿಂತಿತು. ಎಲ್ಲ ದೀಪಗಳೂ ಕೆಂಪು. ಎರಡು ಸಲ ಆಫ್ ಆನ್ ಮಾಡಿದೆ. ಮೂರನೇ ಸಲ ಅವಳೇ ಕೈ ಹಿಡಿದಳು. ಬಿಡು ಅಕ್ಕ, ಹೋಯ್ತು ಎಂದಳು.

ನಾಲ್ಕು ವರ್ಷ ಎಂದೆ ನಾನು. ಅತ್ತೆ. ಅವಳು ಅಳಲಿಲ್ಲ. ಅಲ್ಲಿದ್ದದ್ದು ಬರೀ ಹೊಗೆ, ಮತ್ತೆ ಓಡಿಸಿದ್ರೆ ಮತ್ತೆ ಬರತ್ತೆ ಎಂದಳು. ಅಮ್ಮನ ಫ್ಯಾನಿನ ವೈರು ಸುತ್ತತೊಡಗಿದಳು.

ಏಪ್ರಿಲ್ 7, ಸೋಮವಾರ

ಉದ್ಘಾಟನೆ ಆಯಿತು. ಮುಂದಿನ ಸಾಲಿನ ದೀಪ ನೋಡಿ ಚಪ್ಪಾಳೆ. ಹಳೇ ರೂಮಿನಲ್ಲಿ ಟೀ ಕುಡಿಯಲು ಹೋದವರೆಲ್ಲ ಬೆವರಿನಲ್ಲಿ ತೊಯ್ದು ಹೊರಬಂದರು. ಗೈಡು ನನ್ನ ಹತ್ತಿರ ಬಂದು, ಎಲ್ಲಾ ಗುಡಿಸಿದ್ರಾ ಎಂದು ಕೇಳಿದರು. ಗುಡಿಸಿಯಾಯ್ತು ಸರ್ ಎಂದೆ. ಈ ಸಲ ನಗಲಿಲ್ಲ.

ಏಪ್ರಿಲ್ 9, ಬುಧವಾರ. ರಾತ್ರಿ 8

ಊಟಕ್ಕೆ ಮುಂಚೆ ಮೇಲ್ ನೋಡೋಣ ಎಂದು ಕೂತೆ. ಒಂದು ಬಂದಿದೆ.

"ಮಾನ್ಯರೇ, ಮಾರ್ಚ್ ಮೂರರ ನಿಮ್ಮ ಪತ್ರಕ್ಕೆ ಉತ್ತರ. ನನ್ನ ಅಕೌಂಟು ಬೇಕು. ತಡವಾದುದಕ್ಕೆ ಕ್ಷಮೆ ಇರಲಿ." ಕೆಳಗೆ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಒಳಕೋಣೆಯಿಂದ.

ಮೂರು ಸಲ ಓದಿದೆ. ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಓದಿ, ಮಾನ್ಯರೇ ಅಂದಿದ್ದಾಳಲ್ಲ ನಿನ್ನ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅರ್ಜಿಯನ್ನೂ ತುಂಬಿ ಜೊತೆಗೆ ಇಟ್ಟಿದ್ದಾಳೆ. ಗೈಡಿನ ಹೆಸರು ಎನ್ನುವ ಜಾಗ ಖಾಲಿ. ನನ್ನ ಸ್ಕ್ರಿಪ್ಟು ಖಾಲಿಯನ್ನು ಒಪ್ಪುತ್ತದೆ. ಕಮಿಟಿ ಒಪ್ಪುವುದಿಲ್ಲ. ಈ ಸಲ ಲಾಗ್ ಗೀಗ್ ಎಂದು ಕದ್ದುಮುಚ್ಚಿ ಮಾಡುವುದಿಲ್ಲ, ನಾಳೆ ನಾನೇ ಎದುರಿಗೆ ಹೋಗಿ ಮಾತಾಡುತ್ತೇನೆ. ಈಗಲೇ ಎದೆ ಡವಡವ ಅನ್ನುತ್ತಿದೆ. ಅನ್ನಲಿ.

ನಿನ್ನ ಹಳೇ ನಂಬರು ಕನ್ನಡಕದವಳ ಹತ್ತಿರ ಇದೆ, ಕಿತ್ತುಕೊಳ್ಳಲಾ ಎಂದು ಇಲ್ಲಿಂದಲೇ ಕೂಗಿ ಕೇಳಿದೆ. ಬೇಡ, ಹೊಸದು ಕೊಡು ಎಂದು ಕೂಗಿದಳು. ಕೊಟ್ಟೆ. ಪಟ್ಟಿಯ ಕಟ್ಟಕಡೆಯ ನಂಬರು. ಪಾಸ್‌ವರ್ಡು ಮಾತ್ರ ಅವಳೇ ಬಂದು ಹಾಕಬೇಕು, ಖುದ್ದಾಗಿ. ಬಾರೇ ಎಂದೆ.

ಬೀರುವಿನ ಮೇಲಿಂದ ಏನೋ ಇಳಿಸುವ ಸದ್ದು. ಲ್ಯಾಪ್‌ಟಾಪೇ ಇರಬೇಕು. ಅಮ್ಮ ಸ್ಟೂಲು ಹಿಡಿದುಕೊಂಡು, ನಿಧಾನ, ನಿಧಾನ ಎನ್ನುತ್ತಿದ್ದಾರೆ. ಬರುತ್ತಿದ್ದಾಳೆ. ಇದನ್ನು ಮುಚ್ಚಿಡಬೇಕು, ತನ್ನ ಬಗ್ಗೆ ಇಷ್ಟುದ್ದ ಬರೆದಿದ್ದೇನೆಂದು ಗೊತ್ತಾದರೆ ನನ್ನನ್ನು...